ಭಂಡಾರದ ಧೋತರ, ಎರೆಮಣ್ಣಿನ ಅಂಗಿ: ಕಲ್ಲೋಳಿ ಸೀಮೆಯ ಒಗ್ಯಾಣ

ಅರಿಷಿಣದ ಕಲೆಯ ಮೇಲೆ ಸಾಬೂನು ತಿಕ್ಕಿದ ಕೂಡಲೇ ಅದು ಕೆಂಪಗಾಗುತ್ತದೆ. ಮೊದಲ ಸಲ ಇದನ್ನು ಕಂಡವರು ಅರಬಿ ಕೆಟ್ಟೇಹೋಯಿತೆಂದು ಗಾಬರಿಯಾಗಿ ಇನ್ನಷ್ಟು ಸಾಬೂನು ತಿಕ್ಕುತ್ತಾರೆ, ಕುದಿಯುವ ನೀರು ಸುರಿಯುತ್ತಾರೆ, ಕೊನೆಗೆ ಬ್ರಶ್ಶಿಗೆ ಕೈಹಾಕುತ್ತಾರೆ. ಮನೆಯ ಹಿರಿಯಳಿಗೆ ಮಾತ್ರ ಅವಸರವಿಲ್ಲ. ‘ಹಿಂಡಿ ಬಿಸಲಿಗಿ ಹಾಕವಾ, ತಾನ ಹೋಕ್ಕೈತಿ’ ಎಂದು ಹೇಳಿ ಸುಮ್ಮನಾಗುತ್ತಾಳೆ. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಮನೆಗಳಲ್ಲಿ ಕಲೆ ತೆಗೆಯುವ ರೂಢಿಗೆ ಬೆಲೆ ಕಟ್ಟಲು ಹೊರಟರೆ ಈ ಎರಡು ನಡೆಗಳನ್ನೂ ಎದುರುಬದುರು ಇಟ್ಟು ನೋಡಬೇಕಾಗುತ್ತದೆ. ಒಂದರಲ್ಲಿ ಕಲೆಯ ಗುಣ ತಿಳಿದು ಕಾಯುವ ತಾಳ್ಮೆ ಇದೆ. ಇನ್ನೊಂದರಲ್ಲಿ ಎಲ್ಲ ಕಲೆಗೂ ಬಲವೇ ಮದ್ದು ಎಂಬ ನಂಬಿಕೆ ಇದೆ. ಎರಡೂ ಒಂದೇ ಬಚ್ಚಲಲ್ಲಿ, ಎಷ್ಟೋ ಸಲ ಒಂದೇ ಕೈಯಲ್ಲಿ ಕೂಡಿಕೊಂಡಿವೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಹಿರಿಯಳ ತಾಳ್ಮೆ ಯಾವ ಜಾಹೀರಾತಿನ ಪುಡಿಗಿಂತಲೂ ಮೇಲು, ಮತ್ತು ಬಲದ ನಂಬಿಕೆ ಅದನ್ನು ವರ್ಷದಿಂದ ವರ್ಷಕ್ಕೆ ಹಿಂದಕ್ಕೆ ತಳ್ಳುತ್ತಿದೆ.

ಇಂಥ ವಿಮರ್ಶೆಗೆ ಕಲ್ಲೋಳಿ ತಕ್ಕ ಊರು. ಹಿಂದೆ ಗೋಕಾಕ ತಾಲ್ಲೂಕಿನಲ್ಲಿತ್ತು, ಈಗ ಮೂಡಲಗಿ ತಾಲ್ಲೂಕಿನಲ್ಲಿದೆ. ಸುತ್ತ ಕಬ್ಬು, ಅರಿಷಿಣ, ಗೋವಿನಜೋಳ; ಕಾಲಡಿಗೆ ಎರೆಮಣ್ಣು; ಊರೊಳಗೆ ಶನಿವಾರ ಭಕ್ತರು ಮುತ್ತುವ ಹಣಮಪ್ಪನ ಗುಡಿ. ಇವುಗಳ ನಡುವೆ ಬಿಳಿಯನ್ನೇ ಮರ್ಯಾದೆಯೆಂದು ತಿಳಿದ ಉಡುಗೆ: ಬಿಳಿ ಧೋತರ, ಬಿಳಿ ನೆಹರೂ ಅಂಗಿ, ಬಿಳಿ ಗಾಂಧಿ ಟೊಪ್ಪಿಗೆ. ಹತ್ತಿರದಲ್ಲೇ ಘಟಪ್ರಭೆ ಧುಮುಕುವ ಜಾಗದಲ್ಲಿ 19ನೆಯ ಶತಮಾನ ಮುಗಿಯುವ ಮೊದಲೇ ನೂಲಿನ ಗಿರಣಿ ಎದ್ದಿತ್ತು. ಹತ್ತಿಬಟ್ಟೆ ಈ ಜನರ ಮೈಗೆ ಹೊಸದಲ್ಲ, ಅದರ ಕಲೆಗಳೂ ಹೊಸವಲ್ಲ. ಪಟ್ಟಣದ ಕಲೆಗಳು ಬಹುಪಾಲು ಊಟದ ತಟ್ಟೆಯಿಂದ, ಚಹಾದ ಕಪ್ಪಿನಿಂದ ಬರುತ್ತವೆ. ಇಲ್ಲಿನವು ಹೊಲದಿಂದ, ದೇವರಿಂದ, ಗಾಣದಿಂದ, ಕೊಟ್ಟಿಗೆಯಿಂದ ಬರುತ್ತವೆ. ದೂರದ ಊರಿನ ಕಾರ್ಖಾನೆಯವರು ಬರೆದ ಒಗೆಯುವ ವಿಧಾನ ಈ ಒಗ್ಯಾಣಕ್ಕೆ ಪೂರ್ತಿ ಹೊಂದದಿರುವುದು ಅದಕ್ಕೇ.

ಭಂಡಾರದಿಂದಲೇ, ಅಂದರೆ ದೇವರಿಗೆ ಹಾರಿಸುವ ಅರಿಷಿಣದ ಪುಡಿಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಈ ಭಾಗದ ಜ್ಞಾನ ಅತಿ ಹೆಚ್ಚು ಕಾಣುವುದು ಅಲ್ಲಿ. ಬೀರಪ್ಪನ ಜಾತ್ರೆ, ಸವದತ್ತಿಯ ಎಲ್ಲಮ್ಮನ ಗುಡ್ಡ, ಗೋಕಾಕದ ಗ್ರಾಮದೇವತೆ ಮಹಾಲಕ್ಷ್ಮಿಯ ಜಾತ್ರೆ, ಎಲ್ಲೆಡೆ ಅರಿಷಿಣದ ಪುಡಿ ಮುಗಿಲಿಗೆ ಹಾರುತ್ತದೆ, ನಂತರ ಬೆವರಿನ ಮೈಮೇಲೆ, ಬಿಳಿ ಅಂಗಿಯ ಮೇಲೆ ಬಂದು ಕೂರುತ್ತದೆ. ಮದುವೆಮನೆಯಲ್ಲಿ ಅರಿಷಿಣ ಹಚ್ಚಿ ಸುರಗಿ ಸುತ್ತಿದ ದಿನ ಮದುಮಕ್ಕಳ ಜೊತೆ ಸೋದರಮಾವನ ಅಂಗಿಯೂ ಹಳದಿಯಾಗುತ್ತದೆ. ಅರಿಷಿಣದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಎಂಬ ವಸ್ತುವನ್ನು ಫೋಗೆಲ್ ಮತ್ತು ಪೆಲ್ಲೆಟಿಯೆ ಎಂಬ ರಸಾಯನಜ್ಞರು 1815ರಲ್ಲಿ ಬೇರ್ಪಡಿಸಿದರು. ಅದು ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಎಣ್ಣೆಯಲ್ಲಿ, ಸ್ಪಿರಿಟ್‌ನಲ್ಲಿ ಕರಗುತ್ತದೆ. ಬೇರೆ ಬಣ್ಣಗಳಿಗೆ ಬೇಕಾಗುವ ಪಟಿಕದಂಥ ಕಚ್ಚುಪದಾರ್ಥದ ಹಂಗಿಲ್ಲದೆ ನೇರವಾಗಿ ಹತ್ತಿಯ ಎಳೆಗೆ ಅಂಟಿಕೊಳ್ಳುತ್ತದೆ. ಹಾಗಾಗಿ ನೀರಿನಲ್ಲಿ ಎಷ್ಟು ಜಾಲಿಸಿದರೂ ಅದು ಜಗ್ಗುವುದಿಲ್ಲ. ಆದರೆ ಅದಕ್ಕೆ ಎರಡು ಸೋಲುಗಳಿವೆ. ಕ್ಷಾರದಲ್ಲಿ ಕೆಂಪಗಾಗಿ ಒಡೆಯತೊಡಗುತ್ತದೆ. ಬಿಸಿಲಿನಲ್ಲಿ ಚೂರುಚೂರಾಗಿ ಬಣ್ಣವಿಲ್ಲದ ವಸ್ತುಗಳಾಗುತ್ತದೆ. ಸಾಬೂನು ಹಾಕಿ ಒಗೆದು, ಹಸಿ ಇರುವಾಗಲೇ ಕಲೆಯ ಮುಖವನ್ನು ಸೂರ್ಯನ ಕಡೆ ಮಾಡಿ ಒಣಹಾಕುವ ಕಲ್ಲೋಳಿಯ ಪದ್ಧತಿ ಈ ಎರಡೂ ಸೋಲುಗಳನ್ನು ಒಂದೇ ಹೊತ್ತಿನಲ್ಲಿ ಹಿಡಿಯುತ್ತದೆ. ಕೆಂಪಾದದ್ದು ಕೆಟ್ಟ ಲಕ್ಷಣವಲ್ಲ, ಕೆಲಸ ಶುರುವಾದ ಲಕ್ಷಣ. ಒಂದು ಬಿಸಿಲಿಗೆ ಹೋಗದಿದ್ದರೆ ಮತ್ತೆ ನೀರು ಚಿಮುಕಿಸಿ ಇನ್ನೊಂದು ಬಿಸಿಲು ಕೊಡುವುದು ರೂಢಿ. ಇದಕ್ಕಿಂತ ಅಗ್ಗವಾದ, ಬಟ್ಟೆಗೆ ಇದಕ್ಕಿಂತ ಕಡಿಮೆ ಪೆಟ್ಟು ಬೀಳುವ ಉಪಾಯ ನನಗೆ ಗೊತ್ತಿಲ್ಲ.

ಇಲ್ಲೊಂದು ತಪ್ಪು ಉಪಾಯವೂ ಜೊತೆಗೂಡಿದೆ, ನಿಂಬೆಹಣ್ಣು. ಕೆಂಪಾದ ಕಲೆಗೆ ನಿಂಬೆ ಹಿಂಡಿದರೆ ಕ್ಷಣದಲ್ಲಿ ಕೆಂಪು ಹೋಗಿ ತಿಳಿಹಳದಿ ಬರುತ್ತದೆ, ನೋಡಿದವರಿಗೆ ಕಲೆ ಇಳಿಯಿತು ಎನಿಸುತ್ತದೆ. ಹುಳಿ ಬಿದ್ದಾಗ ಬಣ್ಣ ತನ್ನ ಹಳೆಯ ರೂಪಕ್ಕೆ ಮರಳಿತು, ಅಷ್ಟೇ. ಕ್ಷಾರದಲ್ಲಿ ಒಡೆಯುತ್ತಿದ್ದ ಅರಿಷಿಣವನ್ನು ಮತ್ತೆ ಗಟ್ಟಿ ಮಾಡಿದಂತಾಯಿತು. ಜಾತ್ರೆಯ ಮರುದಿನ ನಿಂಬೆ ಹಚ್ಚುವವರು ಹಿರಿಯಳ ಮಾತು ಕೇಳುವುದು ಒಳ್ಳೆಯದು.

ಈ ನಡುವೆ ಹಿರಿಯಳ ಮಾತೂ ಸುಳ್ಳಾಗುವ ಪ್ರಸಂಗಗಳು ಬಂದಿವೆ. ಎರಡು ಮೂರು ಬಿಸಿಲು ಕಂಡರೂ ಭಂಡಾರ ಹೋಗಲಿಲ್ಲ ಎಂಬ ದೂರು ಕೇಳಿಸುತ್ತದೆ. ದೋಷ ಪದ್ಧತಿಯದಲ್ಲ, ಭಂಡಾರದ್ದು. ಜಾತ್ರೆಯ ಅಂಗಡಿಗಳಲ್ಲಿ ಮಾರುವ ಅಗ್ಗದ ಹಳದಿ ಪುಡಿಯಲ್ಲಿ ಅರಿಷಿಣದ ಪಾಲು ಎಷ್ಟೋ, ಹಿಟ್ಟು ಮತ್ತು ಕೃತಕ ಬಣ್ಣದ ಪಾಲು ಎಷ್ಟೋ. ಮೆಟಾನಿಲ್ ಹಳದಿಯಂಥ ಬಣ್ಣ ಸಾಬೂನಿಗೆ ಕೆಂಪಾಗುವುದಿಲ್ಲ, ಬಿಸಿಲಿಗೂ ಅರಿಷಿಣದಷ್ಟು ಬೇಗ ಬಗ್ಗುವುದಿಲ್ಲ. ಹಾಗಾಗಿ ಸಾಬೂನು ತಿಕ್ಕುವುದು ಒಂದು ಪರೀಕ್ಷೆಯೂ ಆಗುತ್ತದೆ: ಚೆನ್ನಾಗಿ ಕೆಂಪಾದರೆ ದೇವರಿಗೆ ಅರಿಷಿಣ ಹಾರಿಸಿದ್ದೀರಿ, ಹಳದಿಯಾಗಿಯೇ ಉಳಿದರೆ ಬಣ್ಣ ಹಾರಿಸಿದ್ದೀರಿ. ಅರಿಷಿಣವನ್ನೇ ಬೆಳೆದು ಸಾಂಗ್ಲಿಯ ಪೇಟೆಗೆ ಕಳಿಸುವ ಸೀಮೆಯ ಜನ ತಮ್ಮ ದೇವರ ಮೇಲೆ ಕೃತಕ ಬಣ್ಣ ಚೆಲ್ಲುವುದು ನನಗೆ ನೋವಿನ ಸಂಗತಿ. ಆ ಪುಡಿ ಅಂಗಿಯ ಮೇಲೆ ಬೀಳುವಷ್ಟೇ ಮಕ್ಕಳ ಕಣ್ಣಿಗೂ ಮೂಗಿಗೂ ಹೋಗುತ್ತದೆ.

ಹಣಮಪ್ಪನ ಸಿಂಧೂರದ ಮುಂದೆ ಮನೆಯ ಜ್ಞಾನಕ್ಕೆ ಸೋಲು. ಎಣ್ಣೆಯಲ್ಲಿ ಕಲಸಿದ ಕೇಸರಿ ಬಣ್ಣದ ಸಿಂಧೂರ ತಗುಲಿದ ಬಟ್ಟೆಯಲ್ಲಿ ಎರಡು ಕಲೆಗಳಿರುತ್ತವೆ, ಒಂದು ಎಣ್ಣೆಯದು, ಇನ್ನೊಂದು ಯಾವುದರಲ್ಲೂ ಕರಗದ ನುಣ್ಣನೆಯ ಪುಡಿಯದು. ಹಳ್ಳಿಗಳಲ್ಲಿ ಇದಕ್ಕೆ ಚಿಮಣಿ ಎಣ್ಣೆ ಹಚ್ಚುವ ರೂಢಿ ಇತ್ತು, ಅದು ಸಿಗುವುದು ಕಡಿಮೆಯಾದ ಮೇಲೆ ಪೆಟ್ರೋಲಿನ ಪ್ರಯೋಗ ನಡೆದಿದೆ. ಎರಡೂ ಎಣ್ಣೆಯನ್ನು ಕರಗಿಸುತ್ತವೆ, ಪುಡಿಯನ್ನು ಮಾತ್ರ ಇನ್ನೂ ಅಗಲಕ್ಕೆ ಹರಡಿ ಎಳೆಗಳ ಒಳಗೆ ಕೂರಿಸುತ್ತವೆ. ಒಲೆಯ ಹತ್ತಿರ ಪೆಟ್ರೋಲು ಹಿಡಿದು ಕೂರುವ ಅಪಾಯವಂತೂ ಬೇರೆಯೇ. ಈ ರೂಢಿಯನ್ನು ನಾನು ಪೂರಾ ತಳ್ಳಿಹಾಕುತ್ತೇನೆ. ಮಾಡಬೇಕಾದದ್ದು ಇಷ್ಟು: ತಿಕ್ಕದೆ ಚಮಚದ ಅಂಚಿನಿಂದ ಕೆರೆದು ತೆಗೆಯುವುದು, ಮೇಲೆ ಜೋಳದ ಹಿಟ್ಟು ಉದುರಿಸಿ ಎಣ್ಣೆ ಹೀರಲು ಬಿಡುವುದು, ಹಿಟ್ಟು ಕೊಡವಿ ಬಟ್ಟೆಯ ಹಿಂಬದಿಯಿಂದ ಪಾತ್ರೆ ತೊಳೆಯುವ ದ್ರವಸಾಬೂನು ಹಚ್ಚಿ ಮುಂದಕ್ಕೆ ತೊಳೆಯುವುದು. ಹಿಟ್ಟಿನ ಉಪಾಯ ನಮ್ಮ ಅಡುಗೆಮನೆಗಳದ್ದೇ, ಹೋಳಿಗೆಗೆ ಎಣ್ಣೆ ಸವರುವಾಗ ಸೀರೆಗೆ ಚೆಲ್ಲಿದರೆ ಹೆಂಗಸರು ಮೊದಲು ಮಾಡುವುದು ಅದನ್ನೇ. ಅದೇ ಕೈ ಸಿಂಧೂರಕ್ಕೆ ಬಂದಾಗ ಯಾಕೆ ಚಿಮಣಿ ಎಣ್ಣೆಯ ಡಬ್ಬಿ ಹುಡುಕುತ್ತದೋ ತಿಳಿಯದು. ಇನ್ನೊಂದು ಮಾತು: ಸಿಂಧೂರಕ್ಕೆ ಸೀಸದ ಸಂಯುಕ್ತ ಬಳಸುವುದು ಹಳೆಯ ಪದ್ಧತಿ. ಆ ಬಟ್ಟೆಯನ್ನು ಕೂಸಿನ ಬಟ್ಟೆಗಳ ಜೊತೆ ಒಂದೇ ಬಕೀಟಿನಲ್ಲಿ ನೆನೆಹಾಕಬಾರದು.

ಕುಸುಬಿ ಎಣ್ಣೆಯ ಕಲೆಯೂ ಇದೇ ಭಾಗದ ವಿಶೇಷ. ಶೇಂಗಾ ಎಣ್ಣೆಯ ಕಲೆ ವಾರ ಬಿಟ್ಟು ಒಗೆದರೂ ಬಹುಮಟ್ಟಿಗೆ ಹೋಗುತ್ತದೆ. ಕುಸುಬಿ ಎಣ್ಣೆ ಹಾಗಲ್ಲ, ಅದು ಗಾಳಿಗೆ ಒಣಗುವ ಜಾತಿಯ ಎಣ್ಣೆ. ಬಣ್ಣ ಬಳಿಯುವವರು ಅದನ್ನು ಬಣ್ಣದಲ್ಲಿ ಬಳಸುವುದೂ ಅದೇ ಗುಣಕ್ಕೆ. ಬಟ್ಟೆಯ ಮೇಲೆ ದಿನಗಟ್ಟಲೆ ಉಳಿದರೆ ಹಳದಿಯ ಗಟ್ಟಿ ಪೊರೆಯಾಗುತ್ತದೆ, ಆಮೇಲೆ ಸಾಬೂನಿಗೆ ಅದು ಎಣ್ಣೆಯಾಗಿ ಸಿಗುವುದೇ ಇಲ್ಲ. ಕುಸುಬಿಯ ಕಲೆಯನ್ನು ಅದೇ ದಿನ ಒಗೆಯಬೇಕೆಂಬ ಹಳಬರ ನಿಯಮ ಸರಿಯಾದ ನಿಯಮ.

ಎರೆಮಣ್ಣಿನ ವಿಷಯಕ್ಕೆ ಬಂದರೆ ಹೊಗಳಿಕೆ, ತೆಗಳಿಕೆ ಎರಡನ್ನೂ ಹೇಳಬೇಕು. ಮಳೆಗಾಲದಲ್ಲಿ ಕಬ್ಬಿಗೆ ಗೊಬ್ಬರ ಹಾಕಿ ಬಂದವನ ಪ್ಯಾಂಟಿನ ಕಾಲು, ಶಾಲೆಯಿಂದ ಜಾರಿಬಿದ್ದು ಬಂದ ಹುಡುಗನ ಚಡ್ಡಿ, ಎರಡರಲ್ಲೂ ಇರುವುದು ಅತಿ ನುಣುಪಾದ ಜಿಗುಟು ಜೇಡಿ. ಅದರ ಕಣ ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲಿಗಿಂತ ಚಿಕ್ಕದು. ಹಸಿ ಇರುವಾಗ ತಿಕ್ಕಿದಷ್ಟೂ ಅದು ನೂಲಿನ ಸಂದಿಗೆ ಇಳಿಯುತ್ತದೆ. ಪೂರ್ತಿ ಒಣಗಲು ಬಿಟ್ಟು, ಗ್ವಾಡಿಗೆ ಬಡಿದು ಕೊಡವಿ, ಆಮೇಲೆ ನೀರಿಗೆ ಹಾಕುವುದೇ ಸರಿ. ಹಳೆಯ ಹೆಂಗಸರು ಹಾಗೆಯೇ ಮಾಡುತ್ತಿದ್ದರು. ಇಂದು ನಲ್ಲಿಯೂ ಬ್ರಶ್ಶೂ ಕೈಗೆ ಹತ್ತಿರವಾದ ಮೇಲೆ ಒಣಗುವತನಕ ಕಾಯುವವರು ಕಡಿಮೆ.

ಎರೆಮಣ್ಣಿಗೆ ಜೊತೆಗಾರ ಬೋರಿನ ಗಡಸು ನೀರು. ಅದರಲ್ಲಿರುವ ಸುಣ್ಣದಂಶ ಸಾಬೂನಿನ ಜೊತೆ ಕೂಡಿ ಬೂದುಬಣ್ಣದ ಗಷ್ಟಾಗಿ ಬಟ್ಟೆಗೆ ಹತ್ತುತ್ತದೆ, ಜೇಡಿಯ ಕಣಗಳನ್ನು ಹತ್ತಿಗೆ ಕಟ್ಟಿಹಾಕುವುದೂ ಅದೇ ಸುಣ್ಣ. ಒಗೆಯುವ ಸೋಡಾ ಮೊದಲು ಹಾಕಿ ನೀರನ್ನು ಮೆದು ಮಾಡಿಕೊಂಡರೆ ಸುಣ್ಣ ತಳಕ್ಕಿಳಿಯುತ್ತದೆ, ಜೇಡಿ ಬಿಡಿಬಿಡಿಯಾಗಿ ನೀರಿಗೆ ಬರುತ್ತದೆ. ಈ ತಿಳಿವಳಿಕೆ ಮಡಿವಾಳರದ್ದು. ಕೈಗಾರಿಕೆಯ ಸೋಡಾ ಬರುವ ಮೊದಲು ಅವರು ಹೊಲದಂಚಿನ ಸವಳುಮಣ್ಣನ್ನು ಕೆರೆದು ತಂದು ಅದರ ತಿಳಿನೀರಿನಲ್ಲಿ ಬಟ್ಟೆ ಅದ್ದಿ, ಉಬ್ಬೆಗೆ ಹಾಕಿ ರಾತ್ರಿಯೆಲ್ಲ ಹಬೆಯಲ್ಲಿ ಬೇಯಿಸುತ್ತಿದ್ದರು. ಸವಳುಮಣ್ಣಿನಲ್ಲಿದ್ದದ್ದೂ ಸೋಡಾ ಜಾತಿಯ ಕ್ಷಾರವೇ. ಕಾಲುವೆ ನೀರು ಹೆಚ್ಚಾಗಿ ಹೊಲ ಸವಳಾದರೆ ಬೆಳೆಗಾರನಿಗೆ ಅದು ಶಾಪ, ಮಡಿವಾಳನಿಗೆ ಅದೇ ಮಣ್ಣು ಕೆಲಸದ ಸಾಮಗ್ರಿಯಾಗಿತ್ತು. 12ನೆಯ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಿದೇವ ಬಟ್ಟೆ ಒಗೆಯುವ ಕಾಯಕದಿಂದಲೇ ಶರಣರ ನಡುವೆ ದೊಡ್ಡವನಾಗಿ ನಿಂತ. ಅವನನ್ನು ಪೂಜಿಸುವ ನಾಡು ಅವನ ಕಸುಬಿನ ತಿಳಿವಳಿಕೆಯನ್ನು ಬರೆದಿಡುವ ಕೆಲಸ ಸಾಕಷ್ಟು ಮಾಡಲಿಲ್ಲ ಎಂಬುದು ನನ್ನ ದೂರು. ಯಾವ ಬಟ್ಟೆ ಉಬ್ಬೆಗೆ ಹೋಗಬೇಕು, ಯಾವುದು ಹೋಗಬಾರದು, ಎಷ್ಟು ಸವಳಿಗೆ ಎಷ್ಟು ನೀರು ಎಂಬ ಲೆಕ್ಕ ಕೈಯಿಂದ ಕೈಗೆ ಬಂದು, ಕೈ ಬೇರೆ ಕೆಲಸಕ್ಕೆ ಹೋದಾಗ ಮರೆಯಾಗುತ್ತದೆ. ಆಯದ ಪದ್ಧತಿ ಮುರಿದದ್ದು ಒಳ್ಳೆಯದೇ, ವರ್ಷಕ್ಕೆ ನಾಲ್ಕು ಸೇರು ಕಾಳಿಗೆ ಊರಿನ ಹೊಲಸೆಲ್ಲ ಒಗೆಯಬೇಕಾದ ಕಟ್ಟು ಅದು. ಆದರೆ ಆ ಕೆಲಸ ಹೆಚ್ಚಿನ ಮನೆಗಳಲ್ಲಿ ಹೆಂಗಸರ ಪಾಲಿಗೆ ಬಂತು. ಮಡಿವಾಳರ ಜ್ಞಾನ ಮಾತ್ರ ಅದರ ಹಿಂದೆ ಮನೆಗೆ ಬರಲಿಲ್ಲ.

ಬಂದದ್ದು ಪುಡಿ. ಭಾರತದ ಮಾರುಕಟ್ಟೆಗೆ ಸರ್ಫ್ 1959ರಲ್ಲಿ ಬಂತು, 1969ರಲ್ಲಿ ಗುಜರಾತಿನ ಕರ್ಸನ್‌ಭಾಯಿ ಪಟೇಲ್ ನಿರ್ಮಾ ಶುರುಮಾಡಿ ಅದನ್ನು ಬಡವರ ಬಚ್ಚಲಿಗೂ ತಲುಪಿಸಿದರು. ಇದನ್ನು ಸಣ್ಣ ಉಪಕಾರವೆಂದು ನಾನು ಹೇಳಲಾರೆ. ಗಡಸು ನೀರಿನಲ್ಲಿ ಸಾಬೂನು ಗಷ್ಟಾಗುವ ಊರಿನಲ್ಲಿ ಡಿಟರ್ಜೆಂಟ್ ನೊರೆ ಕೊಟ್ಟಿತು, ಹೆಂಗಸರ ತೋಳಿನ ಶ್ರಮ ಉಳಿಸಿತು. ಆದರೆ ಅದರ ಜಾಹೀರಾತು ಮನಸ್ಸಿನಲ್ಲಿ ಒಂದು ಮಾತನ್ನು ಬಿತ್ತಿತು: ಕಲೆ ಯಾವುದಾದರೂ ಪುಡಿ ಒಂದೇ ಸಾಕು. ಕಲೆಯನ್ನು ಕಂಡು ‘ಇದು ಯಾತರದ್ದು?’ ಎಂದು ಕೇಳುವ ಅಭ್ಯಾಸ ಅಲ್ಲಿಂದ ಕ್ಷೀಣಿಸಿತು. ಮನೆಯ ಒಗ್ಯಾಣಕ್ಕೆ ಅದರಷ್ಟು ದೊಡ್ಡ ಪೆಟ್ಟು ಬೇರಾವುದೂ ಕೊಟ್ಟಿಲ್ಲ. ಈಗಿನ ದುಬಾರಿ ಪುಡಿಗಳಲ್ಲಿ ಕಿಣ್ವಗಳಿವೆ. ಜರ್ಮನಿಯ ಒಟ್ಟೊ ರೋಮ್ ಈ ಬಗೆಯ ಉಪಾಯಕ್ಕೆ 1913ರಲ್ಲೇ ಪೇಟೆಂಟ್ ಪಡೆದಿದ್ದ. ರಕ್ತ, ಹಾಲು, ಬೆವರಿನಂಥ ಪ್ರೋಟೀನಿನ ಕಲೆಗಳನ್ನು ಅವು ತುಂಡರಿಸುತ್ತವೆ, ಅದಕ್ಕೆ ಅವುಗಳಿಗೆ ಬೇಕಾದದ್ದು ಹೊತ್ತು ಮತ್ತು ಉಗುರುಬೆಚ್ಚಗಿನ ನೀರು. ಕುದಿಯುವ ನೀರು ಸುರಿದರೆ ಕಿಣ್ವ ಅಲ್ಲೇ ಸಾಯುತ್ತದೆ, ಹೆಚ್ಚು ಕೊಟ್ಟ ಹಣ ಬಚ್ಚಲಿಗೆ ಹೋದಂತೆ. ನಮ್ಮಲ್ಲಿ ನಡೆಯುವುದು ಬಹುಪಾಲು ಹಾಗೆಯೇ. ಈ ಮಾತನ್ನು ಪೊಟ್ಟಣದ ಮೇಲೆ ಕನ್ನಡದಲ್ಲಿ ಓದಲು ಬರುವಷ್ಟು ದೊಡ್ಡಕ್ಷರದಲ್ಲಿ ಬರೆಯಲು ಕಂಪನಿಗಳಿಗೆ ಏನು ಅಡ್ಡಿಯೋ ನನಗೆ ಅರ್ಥವಾಗಿಲ್ಲ.

ಬಿಸಿನೀರಿನ ಮೇಲಿನ ನಂಬಿಕೆಯೇ ರಕ್ತದ ಕಲೆಯನ್ನು ಶಾಶ್ವತ ಮಾಡುವುದು. ತತ್ತಿ ಬಿಸಿಗೆ ಗಟ್ಟಿಯಾಗುವಂತೆ ರಕ್ತದ ಪ್ರೋಟೀನೂ ಗಟ್ಟಿಯಾಗಿ ಎಳೆಯಲ್ಲಿ ಸಿಕ್ಕಿಕೊಳ್ಳುತ್ತದೆ. ತಣ್ಣೀರು, ಚಿಟಿಕೆ ಉಪ್ಪು, ಸ್ವಲ್ಪ ಹೊತ್ತು, ಆಮೇಲೆ ಸಾಬೂನು: ಇದು ಈ ಭಾಗದ ಪ್ರತಿ ತಾಯಿಗೂ ಗೊತ್ತು, ಮುಟ್ಟಿನ ಬಟ್ಟೆ ತಲೆಮಾರುಗಳಿಂದ ಕಲಿಸಿದ ಪಾಠ ಅದು. ಒಗೆಯುವ ಮಟ್ಟಿಗೆ ಆ ಪಾಠಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಒಣಗಿಸುವ ಮಟ್ಟಿಗೆ ಕೊಡಲಾರೆ. ಅರಿಷಿಣದ ಧೋತರಕ್ಕೆ ಅಂಗಳದ ತುಂಬ ಬಿಸಿಲು ಕೊಟ್ಟ ಮನೆ ಮುಟ್ಟಿನ ಬಟ್ಟೆಯನ್ನು ಹಿತ್ತಲ ಮೂಲೆಯಲ್ಲಿ, ಇನ್ನೊಂದು ಅರಬಿಯ ಕೆಳಗೆ, ಎಷ್ಟೋ ಕಡೆ ಕೋಣೆಯ ಕತ್ತಲಲ್ಲಿ ಮುಚ್ಚಿ ಒಣಗಿಸುತ್ತದೆ. ಕಲೆಯ ಉಳಿಕೆಯನ್ನು ಇಳಿಸುವುದೂ ಬಿಸಿಲೇ, ಬೂಸಲು ಮತ್ತು ಸೋಂಕನ್ನು ತಡೆಯುವುದೂ ಅದೇ. ಅತಿ ಹೆಚ್ಚು ಬಿಸಿಲು ಬೇಕಾದ ಬಟ್ಟೆಗೆ ಅತಿ ಕಡಿಮೆ ಬಿಸಿಲು ಸಿಗುವುದು ಈ ರೂಢಿಯ ಅತ್ಯಂತ ಕ್ರೂರ ದೋಷ, ಮತ್ತು ಅದನ್ನು ಹೇರಿದ್ದು ನಾಚಿಕೆ. ಇದಕ್ಕೆ ಯಾವ ಪುಡಿಯಲ್ಲೂ ಪರಿಹಾರವಿಲ್ಲ. ಅಂಗಳದ ಹಗ್ಗದ ಮೇಲೆ ಆ ಬಟ್ಟೆಗೂ ಜಾಗ ಕೊಡಬೇಕು, ನೋಡಿದವರು ನೋಡಿಕೊಳ್ಳಲಿ.

ಬಲದ ನಂಬಿಕೆಯ ತುತ್ತತುದಿ ಬ್ಲೀಚಿಂಗ್ ಪುಡಿ. 1799ರಲ್ಲಿ ಸ್ಕಾಟ್‌ಲೆಂಡಿನ ಚಾರ್ಲ್ಸ್ ಟೆನಂಟ್ ಇದಕ್ಕೆ ಪೇಟೆಂಟ್ ಪಡೆಯುವ ಮೊದಲು ಯುರೋಪಿನವರೂ ಬಟ್ಟೆಯನ್ನು ಹುಲ್ಲಿನ ಮೇಲೆ ಹಾಸಿ ನೀರು ಚಿಮುಕಿಸುತ್ತ ತಿಂಗಳುಗಟ್ಟಲೆ ಬಿಸಿಲಿಗೆ ಬಿಡುತ್ತಿದ್ದರು, ಕಲ್ಲೋಳಿಯ ಹಿರಿಯಳು ಅವರ ಹೊಲದಲ್ಲಿ ನಿಂತರೆ ಎಲ್ಲವೂ ಗುರುತಿನದ್ದೇ ಎನಿಸುತ್ತಿತ್ತು. ನಮ್ಮಲ್ಲಿ ಕುಡಿಯುವ ನೀರಿಗೆ ಹಾಕಲು ಊರಿಗೆ ಬರುವ ಬ್ಲೀಚಿಂಗ್ ಪುಡಿ ಮನೆಗೂ ಸೇರಿ ಬಿಳಿ ಧೋತರದ ಮೇಲೆ ಪ್ರಯೋಗವಾಗುತ್ತದೆ. ಸರಿಯಾಗಿ ಕರಗದ ಹರಳು ಕೂತಲ್ಲಿ ಬಟ್ಟೆ ಜೀರ್ಣವಾಗಿ ನಾಲ್ಕು ಒಗೆತಕ್ಕೆ ತೂತಾಗುತ್ತದೆ. ಬೆವರಿನ ಕಲೆ ಬಿಳುಪಾಗುವ ಬದಲು ಇನ್ನೂ ಹಳದಿಯಾಗುತ್ತದೆ. ರೇಷ್ಮೆಯನ್ನಂತೂ ಅದು ಕರಗಿಸಿಯೇಬಿಡುತ್ತದೆ. ಇಳಕಲ್ಲ ಸೀರೆಯ ಮೈ ಹತ್ತಿಯದಾದರೂ ಸೆರಗು ರೇಷ್ಮೆಯದು, ಎರಡನ್ನೂ ತೋಪುತೆನೆ ಎಂಬ ಕೊಂಡಿಯಲ್ಲಿ ಕೂಡಿಸಿರುತ್ತಾರೆ. ಮೈಯ ಮೇಲಿನ ಒಂದು ಕಲೆಗೆ ಬ್ಲೀಚು ತಾಗಿಸಲು ಹೋಗಿ ಕೊಂಡಿಯನ್ನೇ ಸಡಿಲಿಸಿಕೊಂಡರೆ ಸೀರೆ ಮುಗಿಯಿತು. ಇನ್ನೊಂದು ಎಚ್ಚರಿಕೆಯನ್ನು ಎಷ್ಟು ಸಲ ಹೇಳಿದರೂ ಕಡಿಮೆ: ಬ್ಲೀಚಿಗೆ ನಿಂಬೆಹುಳಿಯನ್ನೋ ಪಾಯಖಾನೆ ತೊಳೆಯುವ ಆಸಿಡ್ಡನ್ನೋ ಎಂದಿಗೂ ಕೂಡಿಸಬಾರದು. ಕ್ಲೋರಿನ್ ಅನಿಲ ಎದ್ದು ಮುಚ್ಚಿದ ಬಚ್ಚಲಲ್ಲಿ ಉಸಿರಿಗೇ ಕುತ್ತು ತರುತ್ತದೆ.

ಎಲೆಅಡಿಕೆ, ಚಹಾ, ಬಾಳೆಯ ಸೊನೆ ಒಂದೇ ಕುಲದವು. ಇವಕ್ಕೆ ಕ್ಷಾರ ಆಗದು. ಸಾಬೂನು ಬಿದ್ದ ಕೂಡಲೇ ಇನ್ನೂ ಕಪ್ಪಾಗಿ ಕೂರುತ್ತವೆ, ಕಬ್ಬಿಣದಂಶ ಇರುವ ನೀರಾದರೆ ಮಸಿಯೇ ಆಗುತ್ತದೆ. ಅಡಿಕೆಯ ಕಲೆಗೆ ಹುಳಿಮಜ್ಜಿಗೆಯಲ್ಲಿ ನೆನೆಹಾಕುವ ಹಳೆಯ ಉಪಾಯ ದಿಕ್ಕು ಸರಿ, ವೇಗ ಕಡಿಮೆ. ಅರಿಷಿಣದ ವಿಷಯದಲ್ಲಿ ನಾನು ಬೇಡವೆಂದ ನಿಂಬೆಹಣ್ಣು ಇಲ್ಲಿ ಬೇಕು, ಸಾಬೂನು ಅದರ ಹಿಂದೆ ಬರಲಿ. ಬಾಳೆಯ ಸೊನೆ ಒಣಗಿದರೆ ಆಸೆ ಬಿಡಬೇಕು. ಕಬ್ಬಿನಹಾಲು ಇವಕ್ಕೆಲ್ಲ ವಿರುದ್ಧ ಸ್ವಭಾವದ್ದು: ಬರೀ ನೀರಿಗೆ ಹೋಗುತ್ತದೆ, ಒಣಗಿದರೆ ಕಾಣುವುದೇ ಇಲ್ಲ. ತೊಳೆಯದೆ ಇಸ್ತ್ರಿ ಇಟ್ಟಾಗ ಅದರ ಸಕ್ಕರೆ ಸುಟ್ಟು ಕಂದುಬಣ್ಣ ಮೂಡುತ್ತದೆ, ಇಸ್ತ್ರಿಯವನು ಸುಮ್ಮನೆ ಬೈಸಿಕೊಳ್ಳುತ್ತಾನೆ. ಕಬ್ಬಿನ ರವದಿ ಸುಟ್ಟ ದಿನ ಹಗ್ಗದ ಮೇಲಿನ ಬಟ್ಟೆಗೆ ಬೀಳುವ ಮಸಿಯನ್ನು ಕೈಯಿಂದ ಮುಟ್ಟದೆ ಊದಿ ಕೊಡವಬೇಕು. ರವದಿ ಸುಡುವುದನ್ನೇ ಬಿಟ್ಟರೆ ಹೊಲಕ್ಕೂ ಹಿತ, ಅರಬಿಗೂ ಹಿತ. ಮಕ್ಕಳ ಯೂನಿಫಾರ್ಮಿನ ಬಾಲ್‌ಪೆನ್ನಿನ ಗೆರೆಗೆ ಕೊರೊನಾದ ಕಾಲದಿಂದ ಮನೆಯಲ್ಲಿ ಉಳಿದ ಸ್ಯಾನಿಟೈಸರ್ ಒಳ್ಳೆಯ ಮದ್ದು. ಕೆಳಗೊಂದು ಹಳೆಯ ಬಟ್ಟೆ ಇಟ್ಟು ಮೇಲಿನಿಂದ ಒತ್ತಿದರೆ ಮಸಿ ಕೆಳಗಿಳಿಯುತ್ತದೆ.

ನೀಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಕಲೆ ತೆಗೆಯುವುದಿಲ್ಲ, ಹಳದಿಯನ್ನು ಕಣ್ಣಿಗೆ ಮರೆಮಾಡುತ್ತದೆ. ಟೊಪ್ಪಿಗೆಯ ಅಂಚಿನ ಬೆವರನ್ನು ಮೊದಲು ಬಿಡಿಸದೆ ನೀಲಿಯಲ್ಲಿ ಅದ್ದುವುದು ಹೊಲಸಿನ ಮೇಲೆ ಬಣ್ಣ ಹಚ್ಚಿದಂತೆ.

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಓಣಿಗಳಿಗೂ ದಂಡೆಯ ಹಳ್ಳಿಗಳಿಗೂ ನುಗ್ಗಿದಾಗ ಈ ಎಲ್ಲ ವಿದ್ಯೆಯೂ ಕಠಿಣ ಪರೀಕ್ಷೆಗೆ ಒಳಗಾಯಿತು. ನೀರು ಇಳಿದ ಮನೆಗಳಲ್ಲಿ ಪೆಟ್ಟಿಗೆಯೊಳಗಿನ ಪತ್ತಲ, ಕುಬಸ, ಕೌದಿಗಳೆಲ್ಲ ಕೆಸರಿನಲ್ಲಿ ನೆಂದು ಕೂತಿದ್ದವು. ಎರೆಮಣ್ಣು ಒಣಗಲು ಬಿಡಬೇಕೆಂಬ ನಿಯಮ ಅಲ್ಲಿ ನಡೆಯುವುದಿಲ್ಲ, ಕಾಯುವಷ್ಟರಲ್ಲಿ ಬೂಸಲು ಹಿಡಿಯುತ್ತದೆ, ಬೂಸಲಿನ ಕರಿಚುಕ್ಕೆ ಹತ್ತಿಯನ್ನೇ ತಿಂದು ಬೆಳೆಯುವಂಥದ್ದು. ಕೌದಿಯಂಥ ಪದರುಪದರಾದ ಹೊದಿಕೆಯನ್ನು ನೆರೆಯ ಕೆಸರಿನಿಂದ ಬಿಡಿಸುವುದು ಒಬ್ಬಳ ಕೈಯಿಂದ ಆಗುವ ಕೆಲಸವಲ್ಲ. ಮಾನೌಮಿಗೆ ಮುಂಚೆ ಓಣಿಯ ಹೆಂಗಸರು ಹಾಸಿಗೆ ಹೊದಿಕೆಗಳನ್ನೆಲ್ಲ ಹೊತ್ತು ಹಳ್ಳಕ್ಕೆ ಹೋಗಿ, ಕೌದಿಯ ಎರಡು ತುದಿ ಹಿಡಿದು ಕೂಡಿ ಹಿಂಡುತ್ತಿದ್ದ ರೂಢಿಯ ಬೆಲೆ ಇಂಥ ಹೊತ್ತಿನಲ್ಲಿ ತಿಳಿಯುತ್ತದೆ. ಒಗ್ಯಾಣ ಮನೆಯ ಬಚ್ಚಲಿಗೆ ಸೇರಿದ ಮೇಲೆ ಆ ಕೂಡುಕೈ ಹೋಯಿತು, ಒಬ್ಬಳಿಂದ ಇನ್ನೊಬ್ಬಳು ನೋಡಿ ಕಲಿಯುವ ಜಾಗವೂ ಹೋಯಿತು. ಹಿರಿಯಳ ಮಾತು ಕಿರಿಯಳಿಗೆ ತಲುಪದಿರಲು ಇದೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ. ಸೊಸೆಗೆ ಅತ್ತೆ ಹೇಳಿದರೆ ಅದು ಆಜ್ಞೆಯಾಗಿ ಕೇಳಿಸಬಹುದು. ಹಳ್ಳದಲ್ಲಿ ನೆರೆಮನೆಯವಳು ಮಾಡುವುದನ್ನು ಕಂಡರೆ ಅದು ವಿದ್ಯೆಯಾಗಿ ದಕ್ಕುತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಈ ರೂಢಿಯ ಬುಡದಲ್ಲೇ ಇರುವ ದೋಷವನ್ನು ಹೇಳಬೇಕು. ಕುಸುಬಿ ಎಣ್ಣೆ, ಬಾಳೆಸೊನೆ, ರಕ್ತ, ಅಡಿಕೆ, ಸಿಂಧೂರ, ಯಾವುದನ್ನು ನೋಡಿದರೂ ಫಲ ನಿಂತಿರುವುದು ಮೊದಲ ಗಳಿಗೆಯ ಮೇಲೆ. ಆ ಗಳಿಗೆಯಲ್ಲಿ ಬಟ್ಟೆಯ ಹತ್ತಿರ ಇರುವವನು ತೊಟ್ಟವನು. ತಿಳಿವಳಿಕೆ ಇರುವುದು ಒಗೆಯುವವಳಲ್ಲಿ, ಮತ್ತು ಆ ಬಟ್ಟೆ ಅವಳ ಕೈಗೆ ಬರುವುದು ಸಂಜೆಗೋ ವಾರದ ಕೊನೆಗೋ. ಹೀಗಾಗಿ ಆಕೆ ಯಾವಾಗಲೂ ಹಳೆಯ ಕಲೆಯ ಜೊತೆಗೇ ಹೆಣಗಬೇಕು. ಕಲೆ ಉಳಿದರೆ ಮಾತು ಮಾತ್ರ ಅವಳಿಗೇ ಬರುತ್ತದೆ, ಮಗನ ಅಂಗಿ ನೋಡಿ ತಾಯಿಯನ್ನು, ಗಂಡನ ಧೋತರ ನೋಡಿ ಹೆಂಡತಿಯನ್ನು ಅಳೆಯುವವರು ಊರಲ್ಲಿ ಕಡಿಮೆಯಿಲ್ಲ. ಆ ಅಳತೆಯ ಹೆದರಿಕೆಯೇ ಅವಳನ್ನು ಬ್ರಶ್ಶಿನ ಕಡೆ, ಬ್ಲೀಚಿನ ಕಡೆ ತಳ್ಳುತ್ತದೆ. ನಾಳೆ ಬೆಳಿಗ್ಗೆಗೆ ಬಿಳಿ ಬೇಕೆಂದವರ ಮುಂದೆ ಎರಡು ಬಿಸಿಲು ಕಾಯುವ ಮಾತು ಆಡುವುದು ಹೇಗೆ? ಹುಡುಗರಿಗೆ ಕಲಿಸಬೇಕಾದದ್ದು ಅಂಥ ದೊಡ್ಡ ವಿದ್ಯೆಯೂ ಅಲ್ಲ. ಗುಡಿಯಲ್ಲಿ ಸಿಂಧೂರ ತಗುಲಿದರೆ ಒರೆಸಬೇಡ, ಹಾಗೇ ಬಾ. ಹೊಲದಲ್ಲಿ ಮುಳ್ಳು ತರಚಿ ತೋಳಿಗೆ ರಕ್ತ ಹತ್ತಿದರೆ, ಬಾಳೆ ಕಡಿಯುವಾಗ ಸೊನೆ ಚಿಮ್ಮಿದರೆ, ಪಂಪ್‌ಸೆಟ್ಟಿನ ನೀರು ಹೇಗೂ ಹರಿಯುತ್ತಿರುತ್ತದೆ, ಅಂಗಿ ಬಿಚ್ಚಿ ಆ ಧಾರೆಗೆ ಹಿಡಿ. ಅಷ್ಟನ್ನು ಅವನು ಅಲ್ಲೇ ಮಾಡಿ ಬಂದ ದಿನ ಮನೆಯ ಬಚ್ಚಲಲ್ಲಿ ಬ್ರಶ್ಶಿಗೆ ಕೆಲಸ ಅರ್ಧಕ್ಕಿಳಿಯುತ್ತದೆ.